ಸವಳು ನೆಲಕ್ಕೆ ಕಾರ್ಖಾನೆಯ ಜಿಪ್ಸಂ

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಅಭ್ಯಾಸ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಕೂಟದಲ್ಲಿ ಕೂಲಿ, ಬೋನಸ್ಸು, ತೂಕ, ತೆರಿಗೆ ಇವುಗಳ ಮಾತು ನಡೆಯುವುದು ವಾಡಿಕೆ. ಇವತ್ತು ನಾವು ಮಣ್ಣಿನ ಮಾತು ಎತ್ತಿಕೊಂಡಿದ್ದೇವೆ. ಹೊಲದ ವಿಷಯ ಗಿರಣಿಯವರಿಗೇಕೆ, ಅಂಗಡಿಯವರಿಗೇಕೆ ಎಂದು ಕೆಲವರು ಕೇಳಬಹುದು. ಉತ್ತರ ದೂರವಿಲ್ಲ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪಗಳ ಅಕ್ಕಿ ಗಿರಣಿಗಳು ಓಡುವುದು ತುಂಗಭದ್ರೆಯ ನೀರಿನಲ್ಲಿ ಬೆಳೆದ ಭತ್ತದಿಂದ. ಆ ನೆಲ ಕೆಟ್ಟರೆ ಮೊದಲು ರೈತನ ಕಣ ಬರಿದಾಗುತ್ತದೆ. ಆಮೇಲೆ ಹಮಾಲನ ಬೆನ್ನಿಗೆ ಮೂಟೆ ಇಲ್ಲದಾಗುತ್ತದೆ. ಅದರ ಹಿಂದೆಯೇ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ದಪ್ಪವಾಗುತ್ತದೆ. ಊರಿನಲ್ಲಿದ್ದ ಎರಡು ಎಕರೆ ಸವಳು ಹಿಡಿದು ಬೆಳೆ ಬಾರದೆ, ಗಿರಣಿ ಬಾಗಿಲಿಗೆ ಬಂದು ನಿಂತ ಮನೆತನಗಳು ನಮ್ಮ ಸೀಮೆಯಲ್ಲಿ ಕಡಿಮೆಯೇನಿಲ್ಲ.

ಈ ಕೆಟ್ಟ ನೆಲಕ್ಕೆ ಒಂದು ಮದ್ದು ಇದೆ. ಅದು ಜಿಪ್ಸಂ. ಆ ಮದ್ದು ಗಣಿಯಿಂದಲೂ ಬರುತ್ತದೆ, ಕಾರ್ಖಾನೆಗಳ ಹಿತ್ತಲಿನಲ್ಲಿ ಕಸವಾಗಿಯೂ ಗುಡ್ಡೆ ಬೀಳುತ್ತದೆ. ಕಸವನ್ನು ಮದ್ದಾಗಿ ಮಾಡುವುದು ಒಳ್ಳೆಯ ಕೆಲಸ. ಆದರೆ ಮದ್ದಿನ ಹೆಸರಿನಲ್ಲಿ ಕಸ ಸಾಗಿಸುವುದು ಬೇರೆ ಕೆಲಸ. ಈ ಎರಡರ ನಡುವಿನ ಗೆರೆ ಎಲ್ಲಿದೆ, ಅದನ್ನು ಯಾರು ಕಾಯಬೇಕು, ಖರ್ಚು ಯಾರ ತಲೆಯ ಮೇಲೆ ಬೀಳಬೇಕು ಎಂಬುದೇ ಇವತ್ತಿನ ನಮ್ಮ ವಿಷಯ.

ನೆಲ ಕೆಡುವುದು ಹೇಗೆ?

ತುಂಗಭದ್ರಾ ಕಾಲುವೆಗಳಿಗೆ ನೀರು ಬಿಟ್ಟದ್ದು 1953ರಲ್ಲಿ. ಯೋಜನೆ ಹಾಕಿದವರು ಹೆಚ್ಚಿನ ನೆಲಕ್ಕೆ ಲೆಕ್ಕ ಹಿಡಿದಿದ್ದು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳನ್ನು. ಕಾಲುವೆಯ ತಲೆಭಾಗದಲ್ಲಿದ್ದವರು ಭತ್ತಕ್ಕೆ ಇಳಿದರು. ಭತ್ತಕ್ಕೆ ಬೆಲೆಯಿತ್ತು, ನೀರು ಬಾಗಿಲಲ್ಲೇ ಇತ್ತು. ಅವರನ್ನು ಬಯ್ದು ಪ್ರಯೋಜನವಿಲ್ಲ. ಆದರೆ ಫಲವನ್ನು ಮುಚ್ಚಿಡಲಾಗದು. ತುದಿಯ ರೈತನಿಗೆ ನೀರೇ ಮುಟ್ಟಲಿಲ್ಲ. ತಗ್ಗಿನ ರೈತನಿಗೆ ಬೇಡದ ನೀರು ಬಸಿದು ಬಂದು ನಿಂತಿತು. ಕಪ್ಪು ಎರೆಯ ನೆಲ ನೀರನ್ನು ಬೇಗ ಕೆಳಗೆ ಬಿಡುವುದಿಲ್ಲ. ಒಳನೀರು ಮೇಲೇರಿತು, ಅದರೊಡನೆ ಮಣ್ಣಿನಾಳದ ಉಪ್ಪೂ ಮೇಲೆ ಬಂತು. ಬಿಸಿಲಿಗೆ ನೀರು ಆರಿಹೋಯಿತು, ಉಪ್ಪು ಉಳಿಯಿತು. ಇದನ್ನೇ ನಮ್ಮ ಜನ ‘ಸವಳು ಜವಳು’ ಎಂದು ಒಟ್ಟಿಗೆ ಕರೆದರು. ಹೆಸರು ಕೊಟ್ಟವರಿಗೆ ರೋಗದ ಕಾರಣವೂ ಗೊತ್ತಿತ್ತು: ಜವಳು ಇದ್ದಲ್ಲಿ ಸವಳು ಬರುತ್ತದೆ.

ಇಲ್ಲಿ ಎರಡು ರೋಗಗಳನ್ನು ಬೇರೆ ಮಾಡಿ ನೋಡಬೇಕು. ಒಂದು, ಮೇಲೆ ಬೆಳ್ಳಗೆ ಉಪ್ಪು ಹೂಬಿಟ್ಟಂತೆ ಕಾಣುವ ಚೌಳು ನೆಲ. ಇಲ್ಲಿ ಹಲವು ಬಗೆಯ ಉಪ್ಪುಗಳು ಸೇರಿರುತ್ತವೆ, ಮಣ್ಣಿನ ಕಟ್ಟು ಮಾತ್ರ ಕೆಟ್ಟಿರುವುದಿಲ್ಲ. ಒಳ್ಳೆಯ ನೀರು ನಿಲ್ಲಿಸಿ, ಬಸಿದು ಹೊರಗೆ ಕಳಿಸಿದರೆ ಸಾಕು. ಇನ್ನೊಂದು ಕರಲು ನೆಲ, ಅಂದರೆ ಕ್ಷಾರದ ನೆಲ. ಒಣಗಿದರೆ ಕಲ್ಲಿನಂತೆ ಗಟ್ಟಿ, ನೆನೆದರೆ ಅಂಟಿನಂತೆ ಮೆತ್ತಗೆ. ಮಳೆ ಬಿದ್ದ ಮೂರನೆಯ ದಿನವೂ ರಾಡಿ ನೀರು ಮೇಲೇ ನಿಂತಿರುತ್ತದೆ. ಕೆಲವು ಕಡೆ ಮೇಲ್ಪದರ ಕಪ್ಪಗಾಗಿ ಕಾಣುತ್ತದೆ, ಏಕೆಂದರೆ ಕ್ಷಾರವು ಮಣ್ಣಿನೊಳಗಿನ ಕೊಳೆತ ಎಲೆ ಗೊಬ್ಬರದ ಸಾರವನ್ನೇ ಕರಗಿಸಿ ಮೇಲಕ್ಕೆ ತರುತ್ತದೆ. ಜಿಪ್ಸಂ ಬೇಕಾದದ್ದು ಈ ಎರಡನೆಯ ನೆಲಕ್ಕೆ.

ಜಿಪ್ಸಂ ಮಾಡುವ ಕೆಲಸ

ಜಿಪ್ಸಂ ಎಂದರೆ ಸುಣ್ಣಾಂಶ, ಗಂಧಕ, ನೀರು ಸೇರಿ ಆದ ಖನಿಜ. ಶುದ್ಧ ಜಿಪ್ಸಂನಲ್ಲಿ ನೂರಕ್ಕೆ ಸುಮಾರು 23 ಪಾಲು ಕ್ಯಾಲ್ಸಿಯಂ, 18 ಪಾಲು ಗಂಧಕ. ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದವರಿಗೆ ಇದು ಹೊಸದಲ್ಲ. ಸಿಮೆಂಟು ನೀರು ಬಿದ್ದ ಕೂಡಲೇ ಗಟ್ಟಿಯಾಗದಿರಲೆಂದು ಅರೆಯುವಾಗ ನೂರಕ್ಕೆ ಮೂರರಿಂದ ಐದು ಪಾಲು ಜಿಪ್ಸಂ ಬೆರೆಸುತ್ತಾರೆ. ಇದನ್ನೇ ಕಾಸಿ ಮುಕ್ಕಾಲು ನೀರು ತೆಗೆದರೆ ಪ್ಲಾಸ್ಟರ್ ಆಫ್ ಪ್ಯಾರಿಸ್; ಅದಕ್ಕೆ ಮತ್ತೆ ನೀರು ಕೂಡಿಸಿದರೆ ತಿರುಗಿ ಜಿಪ್ಸಂ. ಎಷ್ಟು ಸಲ ಕಾಸಿದರೂ, ನೆನೆಸಿದರೂ ಅದರ ಗುಣ ಹೋಗುವುದಿಲ್ಲ. ಇದನ್ನು ಮರುಬಳಕೆ ಮಾಡಬಹುದೆಂಬ ಮಾತಿನ ಮೂಲ ಇಲ್ಲಿದೆ.

ಕರಲು ನೆಲದಲ್ಲಿ ಅದು ಮಾಡುವ ಕೆಲಸವನ್ನು ಹೀಗೆ ತಿಳಿಯಬಹುದು. ಜೇಡಿಯ ಸಣ್ಣ ಕಣಗಳು ಒಂದನ್ನೊಂದು ಹಿಡಿದು ಗುಂಪಾಗಿ ನಿಂತರೆ, ನಡುವೆ ಗಾಳಿಗೂ ನೀರಿಗೂ ದಾರಿ ಇರುತ್ತದೆ. ಕ್ಯಾಲ್ಸಿಯಮ್ಮಿಗೆ ಎರಡು ಕೈ. ಕಣಗಳನ್ನು ಹತ್ತಿರ ಎಳೆದು ಹಿಡಿಯುತ್ತದೆ. ಸೋಡಿಯಮ್ಮಿಗೆ ಒಂದೇ ಕೈ, ಅದೂ ಸಡಿಲ ಹಿಡಿತ. ಕಣಗಳ ಮೈಮೇಲೆ ಸೋಡಿಯಂ ಹೆಚ್ಚಾದಾಗ ಒಕ್ಕೂಟ ಒಡೆಯುತ್ತದೆ. ಕಣಗಳು ಬಿಡಿಬಿಡಿಯಾಗಿ ಹರಡಿ ಎಲ್ಲ ರಂಧ್ರಗಳನ್ನೂ ಮುಚ್ಚುತ್ತವೆ. ಜಿಪ್ಸಂ ಹಾಕಿ ನೀರು ನಿಲ್ಲಿಸಿದರೆ ಅದರ ಕ್ಯಾಲ್ಸಿಯಂ ಬಂದು ಸೋಡಿಯಮ್ಮನ್ನು ಎಬ್ಬಿಸಿ ತಾನು ಕೂರುತ್ತದೆ. ಎದ್ದ ಸೋಡಿಯಂ ಗಂಧಕದ ಅಂಶದೊಡನೆ ಕೂಡಿ, ನೀರಿನಲ್ಲಿ ಸುಲಭವಾಗಿ ಕರಗುವ ಉಪ್ಪಾಗುತ್ತದೆ. ಆ ಉಪ್ಪು ಹೊಲದಿಂದ ಹೊರಗೆ ಹೋಗಬೇಕು. ಹೊರಗೆ ಹೋಗದಿದ್ದರೆ ಕೆಲಸ ಅರ್ಧಕ್ಕೆ ನಿಂತಂತೆ.

ಸುಣ್ಣವನ್ನೇ ಹಾಕಿದರಾಗದೆ ಎಂದು ಕೇಳುವವರಿದ್ದಾರೆ. ನಮ್ಮ ಎರೆ ಹೊಲಗಳಲ್ಲಿ ಸುಣ್ಣದ ಹರಳು ಈಗಾಗಲೇ ಬೇಕಾದಷ್ಟಿದೆ. ಕ್ಷಾರದ ಮಣ್ಣಿನಲ್ಲಿ ಅದು ಕರಗುವುದೇ ಇಲ್ಲ. ಕರಗದ ಸುಣ್ಣ ಬೀಗ ಹಾಕಿದ ಪೆಟ್ಟಿಗೆಯೊಳಗಿನ ಹಣದಂತೆ. ಜಿಪ್ಸಂ ಕರಗುತ್ತದೆ, ಆದರೆ ನಿಧಾನ: ಒಂದು ಲೀಟರ್ ನೀರಿಗೆ ಎರಡೂವರೆ ಗ್ರಾಂ ಕೂಡ ಇಲ್ಲ. ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ ಬೇಕಾದದ್ದು ಸುಣ್ಣವೇ. ಜಿಪ್ಸಂ ಆ ಹುಳಿಯನ್ನು ಮುರಿಯುವುದಿಲ್ಲ. ರೋಗ ತಿಳಿಯದೆ ಕೊಟ್ಟ ಮದ್ದು ವ್ಯಾಪಾರಿಗೆ ಲಾಭ, ರೋಗಿಗೆ ನಷ್ಟ.

ಇನ್ನು ಪ್ರಮಾಣದ ಮಾತು. ಹರಿಯಾಣದ ಕರ್ನಾಲಿನಲ್ಲಿ 1969ರಲ್ಲಿ ಕೇಂದ್ರ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಹುಟ್ಟಿತು. ಗಂಗಾ ಬಯಲಿನ ಬೆಂಗಾಡಾದ ಕರಲು ನೆಲಕ್ಕೆ ಅದು ಹೇಳಿದ ಲೆಕ್ಕ ಹೆಕ್ಟೇರಿಗೆ 10ರಿಂದ 15 ಟನ್, ಅಂದರೆ ಎಕರೆಗೆ 4ರಿಂದ 6 ಟನ್. ನಡುವಿನ 5 ಟನ್ ಹಿಡಿಯೋಣ. ಐವತ್ತು ಕಿಲೋ ಚೀಲದಲ್ಲಿ ತುಂಬಿದರೆ ಎಕರೆಗೆ ನೂರು ಚೀಲ! ಮೂಟೆ ಹೊತ್ತವರಿಗೆ ನೂರು ಚೀಲವೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಬರಿಯ ನೀರಿನಲ್ಲಿ ಈ 5 ಟನ್ ಕರಗಲು ಸುಮಾರು 20 ಲಕ್ಷ ಲೀಟರ್ ಬೇಕು. ಒಂದು ಎಕರೆಯ ಮೇಲೆ ಅರ್ಧ ಮೀಟರ್ ನೀರು ನಿಂತಷ್ಟು. ಮಣ್ಣು ಕ್ಯಾಲ್ಸಿಯಮ್ಮನ್ನು ಎಳೆದುಕೊಳ್ಳುವುದರಿಂದ ಹೊಲದಲ್ಲಿ ಇದಕ್ಕಿಂತ ಬೇಗ ಕರಗುತ್ತದೆಂಬುದು ನಿಜ. ಆದರೂ ಇದು ಒಂದು ಮುಷ್ಟಿ ಎರಚಿ ಮನೆಗೆ ಹೋಗುವ ಕೆಲಸವಲ್ಲ.

ಕರ್ನಾಲಿನ ಪದ್ಧತಿ ಸರಳವಾದದ್ದು. ಹೊಲವನ್ನು ಸಮ ಮಾಡಿ ಬದು ಕಟ್ಟಬೇಕು. ಜಿಪ್ಸಂ ಪುಡಿಯನ್ನು ಮೇಲಿನ ಒಂದು ಗೇಣಿಗಿಂತ ಆಳಕ್ಕೆ ಬಿಡದೆ ಬೆರೆಸಬೇಕು. ಕೆಲವು ದಿನ ನೀರು ನಿಲ್ಲಿಸಿ ಬಸಿಯಬೇಕು. ಮೊದಲ ಬೆಳೆಯಾಗಿ ಭತ್ತ ನಾಟಿ ಮಾಡಬೇಕು. ನಿಂತ ನೀರಿನಲ್ಲಿ ಬೆಳೆಯುವ ಭತ್ತವೇ ಉಪ್ಪನ್ನು ಕೆಳಗೆ ತಳ್ಳಲು ನೆರವಾಗುತ್ತದೆ. ನಡುವೆ ಡಯಾಂಚ ಬಿತ್ತಿ ಹಸಿರು ಗೊಬ್ಬರವಾಗಿ ಮಗುಚಬೇಕು. ನಮ್ಮ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿಯೂ ಸವಳು ನೆಲದ ಅಭ್ಯಾಸ ನಡೆದುಬಂದಿದೆ. ಗಂಗಾ ಬಯಲಿನ ಮೆಕ್ಕಲು ಮಣ್ಣೇ ಬೇರೆ, ನಮ್ಮ ಎರೆ ಮಣ್ಣೇ ಬೇರೆ. ಆದ್ದರಿಂದ ಪ್ರಮಾಣವನ್ನು ನಮ್ಮ ಮಣ್ಣಿನ ಪರೀಕ್ಷೆಯೇ ಹೇಳಬೇಕು.

ಶೇಂಗಾದ ಮಾತು ಬೇರೆ. ಚಳ್ಳಕೆರೆಯ ಎಣ್ಣೆ ಗಿರಣಿಗಳಲ್ಲಿ ದುಡಿದವರಿಗೆ ಪೊಳ್ಳು ಕಾಯಿ ಎಂದರೇನೆಂದು ಗೊತ್ತು. ಶೇಂಗಾದ ಕಾಯಿ ತನಗೆ ಬೇಕಾದ ಕ್ಯಾಲ್ಸಿಯಮ್ಮನ್ನು ಬೇರಿನಿಂದ ಪಡೆಯದೆ, ಸುತ್ತಲ ಮಣ್ಣಿನಿಂದ ನೇರವಾಗಿ ಹೀರುತ್ತದೆ. ಹೂ ಬಿಟ್ಟು ಊಡು ನೆಲಕ್ಕಿಳಿಯುವ ಹೊತ್ತಿನಲ್ಲಿ ಎಕರೆಗೆ 200 ಕಿಲೋ, ಅಂದರೆ ನಾಲ್ಕು ಚೀಲ ಜಿಪ್ಸಂ ಗಿಡದ ಬುಡಕ್ಕೆ ಹಾಕುವುದು ಇದೇ ಕಾರಣಕ್ಕೆ. ಕಾಯಿ ತುಂಬುತ್ತದೆ, ಗಂಧಕದಿಂದ ಎಣ್ಣೆಯ ಅಂಶವೂ ಏರುತ್ತದೆ. ಇಲ್ಲಿ ಜಿಪ್ಸಂ ಬೆಳೆಯ ಆಹಾರ. ಕರಲು ನೆಲದಲ್ಲಿ ಮಣ್ಣಿನ ಮದ್ದು. ನಾಲ್ಕು ಚೀಲದ ಲೆಕ್ಕವನ್ನು ನೂರು ಚೀಲದ ಹೊಲಕ್ಕೆ ಹಾಕಿ ‘ಜಿಪ್ಸಂನಿಂದ ಏನೂ ಆಗಲಿಲ್ಲ’ ಎನ್ನುವುದು ತಪ್ಪು ತೀರ್ಪು.

ಕಸವಾಗಿ ಬೀಳುವ ಜಿಪ್ಸಂ

ಭಾರತದ ಗಣಿ ಜಿಪ್ಸಂ ಬಹುಪಾಲು ಬರುವುದು ರಾಜಸ್ಥಾನದಿಂದ: ಬಿಕಾನೇರ, ನಾಗೌರ, ಜೈಸಲ್ಮೇರ ಕಡೆಯಿಂದ. ಅಲ್ಲಿಂದ ನಮ್ಮ ಸೀಮೆಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ವಸ್ತು ಅಗ್ಗ, ಬಾಡಿಗೆ ದುಬಾರಿ. ಆದ್ದರಿಂದ ಹತ್ತಿರದಲ್ಲಿ ಕಸವಾಗಿ ಸಿಕ್ಕುವ ಜಿಪ್ಸಂ ಕಡೆ ಎಲ್ಲರ ಕಣ್ಣು ಬೀಳುತ್ತದೆ. ಅದು ಮುಖ್ಯವಾಗಿ ಮೂರು ಕಡೆಯಿಂದ ಬರುತ್ತದೆ.

ಮೊದಲನೆಯದು ರಂಜಕದ ಗೊಬ್ಬರದ ಕಾರ್ಖಾನೆ. ರಂಜಕದ ಕಲ್ಲಿಗೆ ಗಂಧಕಾಮ್ಲ ಹಾಕಿ ರಂಜಕಾಮ್ಲ ತೆಗೆಯುತ್ತಾರೆ; ಉಳಿಯುವುದೇ ಜಿಪ್ಸಂ. ಇದಕ್ಕೆ ಫಾಸ್ಫೋಜಿಪ್ಸಂ ಎಂದು ಹೆಸರು. ಆಮ್ಲದಲ್ಲಿರುವ ರಂಜಕಾಂಶ ಒಂದು ಟನ್ ಆದರೆ ಜಿಪ್ಸಂ ಸುಮಾರು ಐದು ಟನ್! ಪರಾದೀಪ, ವಿಶಾಖಪಟ್ಟಣ, ತೂತ್ತುಕುಡಿ ಕಡೆಯ ಕಾರ್ಖಾನೆಗಳಲ್ಲಿ ಇದು ಗುಡ್ಡಗಳಾಗಿ ಬಿದ್ದಿದೆ. ಕ್ಯಾಲ್ಸಿಯಂ, ಗಂಧಕ ಚೆನ್ನಾಗಿಯೇ ಇರುತ್ತವೆ. ಪುಡಿ ನುಣ್ಣಗಿರುವುದರಿಂದ ಬೇಗ ಕರಗುತ್ತದೆ. ಆದರೆ ಉಳಿದ ಆಮ್ಲ, ಫ್ಲೋರೈಡು, ಕಲ್ಲನ್ನು ಅವಲಂಬಿಸಿ ಕ್ಯಾಡ್ಮಿಯಂ, ಯುರೇನಿಯಮ್ಮಿನ ಸಂತತಿಯಾದ ರೇಡಿಯಂ ಇವೂ ಜೊತೆಗಿರಬಹುದು. ಅಮೆರಿಕದ ಪರಿಸರ ಇಲಾಖೆ 1992ರ ತನ್ನ ನಿಯಮದಲ್ಲಿ, ಒಂದು ಗ್ರಾಮಿಗೆ 10 ಪಿಕೋಕ್ಯೂರಿಗಿಂತ ಹೆಚ್ಚು ರೇಡಿಯಂ ಇರುವ ಫಾಸ್ಫೋಜಿಪ್ಸಮ್ಮನ್ನು ಹೊಲಕ್ಕೆ ಹಾಕಬಾರದೆಂದು ಗೆರೆ ಎಳೆಯಿತು. ಗುಡ್ಡೆ ಹಾಕಿ ಇಟ್ಟರೆ ಅಪಾಯವಿಲ್ಲವೆಂದೂ ಅಲ್ಲ. 2021ರಲ್ಲಿ ಫ್ಲಾರಿಡಾದ ಪೈನಿ ಪಾಯಿಂಟಿನಲ್ಲಿ, ಮುಚ್ಚಿದ ಕಾರ್ಖಾನೆಯೊಂದರ ಜಿಪ್ಸಂ ಗುಡ್ಡದ ಮೇಲಿನ ನೀರಿನ ಹೊಂಡ ಸೋರಿತು. ಒಡ್ಡು ಒಡೆಯಬಾರದೆಂದು ಸುಮಾರು 80 ಕೋಟಿ ಲೀಟರ್ ಕಲುಷಿತ ನೀರನ್ನು ಟ್ಯಾಂಪಾ ಕೊಲ್ಲಿಗೆ ಬಿಡಬೇಕಾಯಿತು. ಲಾಭ ಹೊತ್ತವರು ಹೋದರು, ಗುಡ್ಡ ಊರಿಗೆ ಉಳಿಯಿತು.

ಎರಡನೆಯದು ಕಲ್ಲಿದ್ದಲ ವಿದ್ಯುತ್ ಸ್ಥಾವರ. ಹೊಗೆಯಲ್ಲಿರುವ ಗಂಧಕದ ಅನಿಲವನ್ನು ಸುಣ್ಣಕಲ್ಲಿನ ರಾಡಿಯಲ್ಲಿ ತೊಳೆದರೆ, ಕೊನೆಗೆ ಸಿಕ್ಕುವುದು ಜಿಪ್ಸಂ. ನಮ್ಮ ದೇಶದಲ್ಲಿ 2015ರ ಡಿಸೆಂಬರಿನಲ್ಲಿ ಈ ಅನಿಲಕ್ಕೆ ಮಿತಿ ಹಾಕಿದರು. ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2025ರ ಜುಲೈಯಲ್ಲಿ ಬಹುಪಾಲು ಸ್ಥಾವರಗಳಿಗೆ ಹೊಗೆ ತೊಳೆಯುವ ಯಂತ್ರದಿಂದ ವಿನಾಯಿತಿಯೇ ಸಿಕ್ಕಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ ಎಂಬುದು ಕೊಟ್ಟ ಕಾರಣಗಳಲ್ಲೊಂದು. ಆದ್ದರಿಂದ ಈ ದಾರಿಯಿಂದ ರೈತನಿಗೆ ಜಿಪ್ಸಂ ಹೊಳೆಯಾಗಿ ಹರಿಯುತ್ತದೆಂದು ಯಾರಾದರೂ ಭಾಷಣ ಮಾಡಿದರೆ, ಈ ದಿನಾಂಕಗಳನ್ನು ಅವರ ಮುಂದಿಡಿ.

ಮೂರನೆಯದು ಕಟ್ಟಡದ ಕಸ. ತಾರಸಿಯ ಕೆಳಗೆ ಕೂರಿಸುವ ಜಿಪ್ಸಂ ಹಲಗೆಯ ತುಂಡು, ಗಾರೆಯ ಚೂರು, ಅಚ್ಚುಗಳ ಒಡಕು. ಬ್ರಿಟನ್ನಿನಲ್ಲಿ ಈ ಹಲಗೆಗಳ ಬಳಕೆ ಬಹಳ. ಕೊಳೆಯುವ ಕಸದ ಜೊತೆ ಜಿಪ್ಸಂ ಹೂತರೆ, ಗಾಳಿಯಿಲ್ಲದ ಕಡೆ ಬದುಕುವ ಸೂಕ್ಷ್ಮಜೀವಿಗಳು ಅದರ ಗಂಧಕವನ್ನು ಕೊಳೆತ ಮೊಟ್ಟೆಯ ನಾತದ ವಿಷಾನಿಲವಾಗಿ ಮಾಡುತ್ತವೆ. ಆದ್ದರಿಂದ ಅಲ್ಲಿ ಅದನ್ನು ಬೇರೆಯಾಗಿ ಕೂಡಿಸಿ, ಕಾಗದ ಸುಲಿದು, ಪುಡಿ ಮಾಡುವ ಉದ್ಯಮ ಬೆಳೆಯಿತು. 2008ರಲ್ಲಿ ಆ ಪುಡಿಗೆಂದೇ ಒಂದು ಗುಣಮಟ್ಟದ ಪತ್ರ ಹೊರಟಿತು. ಅಲ್ಲಿಯೇ ಇನ್ನೊಂದು ಪಾಠವೂ ಆಯಿತು. ಈ ಪುಡಿಯನ್ನು ದನದ ಕೊಟ್ಟಿಗೆಯಲ್ಲಿ ಹಾಸಿಗೆಯಾಗಿ ಬಳಸಿದಾಗ, ಸಗಣಿ ಗಂಜಲದ ಗುಂಡಿಯಲ್ಲಿ ಅದೇ ವಿಷಾನಿಲ ಎದ್ದಿತು. ಹೊಲದಲ್ಲಿ ಮದ್ದಾದದ್ದು ಸಗಣಿ ಗುಂಡಿಯಲ್ಲಿ ಮೃತ್ಯು. ನಮ್ಮಲ್ಲಿ ಯಾರೂ ಜಿಪ್ಸಮ್ಮನ್ನು ಮುಚ್ಚಿದ ಸಗಣಿ ಗುಂಡಿಗೆ ಸುರಿಯಬಾರದು. ಬಣ್ಣ ಬಳಿದ ಹಳೆಯ ಗೋಡೆಯ ಚೂರು, ಬಣ್ಣದ ಗಣಪತಿ ಮೂರ್ತಿಯ ಚೂರು ಇವು ನೇರವಾಗಿ ಹೊಲಕ್ಕೆ ಸಲ್ಲವು. ಬಣ್ಣದಲ್ಲಿ ಸೀಸದಂಥ ಲೋಹಗಳಿರಬಹುದು. ಹೊಸ ಹಲಗೆ ಕೊಯ್ದು ಉಳಿದ ಶುಚಿಯಾದ ತುಂಡು ಮಾತ್ರ ಈ ಕೆಲಸಕ್ಕೆ ಯೋಗ್ಯ.

ಪ್ಲಾಸ್ಟರಿನ ಮೂರ್ತಿಗಳಿಗೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು ಬೇರೊಂದು ದಾರಿ ತೋರಿಸಿದರು. ಅಮೋನಿಯಂ ಬೈಕಾರ್ಬೊನೇಟ್ ಕರಗಿಸಿದ ನೀರಿನಲ್ಲಿ ಮೂರ್ತಿಯನ್ನು ಮುಳುಗಿಸಿದರೆ ಒಂದು ಕಡೆ ಅಮೋನಿಯಂ ಸಲ್ಫೇಟ್ ಗೊಬ್ಬರ, ಇನ್ನೊಂದು ಕಡೆ ಸುಣ್ಣದ ಪುಡಿ. ಇದರ ಹಿಂದಿನ ರಸಾಯನ ಹಳೆಯದೇ. 1951ರಲ್ಲಿ ಕೆಲಸ ಆರಂಭಿಸಿದ ಸಿಂದ್ರಿಯ ಸರಕಾರಿ ಗೊಬ್ಬರದ ಕಾರ್ಖಾನೆ ರಾಜಸ್ಥಾನದ ಜಿಪ್ಸಂನಿಂದ ಅಮೋನಿಯಂ ಸಲ್ಫೇಟ್ ಮಾಡುತ್ತಿತ್ತು. ಉಳಿದ ಸುಣ್ಣದ ರಾಡಿ ಪಕ್ಕದ ಸಿಮೆಂಟ್ ಕಾರ್ಖಾನೆಗೆ ಕಚ್ಚಾಮಾಲಾಗಿ ಹೋಗುತ್ತಿತ್ತು. ಒಂದರ ಕಸ ಇನ್ನೊಂದರ ಕಚ್ಚಾಮಾಲು ಎಂಬ ಮಾತನ್ನು ಇವತ್ತು ಹೊಸ ಹೆಸರಿಟ್ಟು ಮಾರುವವರಿದ್ದಾರೆ. ಸಿಂದ್ರಿಯ ಕಾರ್ಮಿಕರು ಅದನ್ನು ಎಪ್ಪತ್ತು ವರ್ಷಗಳ ಹಿಂದೆಯೇ ಮಾಡಿದ್ದರು.

ಖರ್ಚು ಯಾರದು?

1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಉಕ್ಕಿ ಹಾಲೆಂಡಿನಲ್ಲಿ 1,800ಕ್ಕೂ ಹೆಚ್ಚು, ಇಂಗ್ಲೆಂಡಿನಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. ತುಂಗಭದ್ರೆಯ ನೀರು ನಮ್ಮ ಹೊಲಕ್ಕೆ ಬಂದ ವರ್ಷವೇ ಅದು. ಉಪ್ಪುನೀರು ನಿಂತ ಹೊಲಗಳನ್ನು ಮತ್ತೆ ಬದುಕಿಸಲು ಅಲ್ಲಿ ಜಿಪ್ಸಂ ಹಾಕಿಸಿದರು. ಒಬ್ಬೊಬ್ಬ ರೈತನ ಪಾಪದ ಫಲವೆಂದು ಆ ಉಪ್ಪನ್ನು ಯಾರೂ ಅವನ ತಲೆಗೆ ಕಟ್ಟಲಿಲ್ಲ.

ಫಿನ್ಲೆಂಡಿನ ಕಥೆ ಇನ್ನೂ ಹತ್ತಿರದ್ದು. ಹೊಲದ ಮಣ್ಣಿನ ರಂಜಕ ಮಳೆಗೆ ಕೊಚ್ಚಿ ಬಾಲ್ಟಿಕ್ ಸಮುದ್ರ ಸೇರಿ ಪಾಚಿ ಬೆಳೆಯುತ್ತಿತ್ತು. 2016ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದವರು ಸಾವಿ ಎಂಬ ಹೊಳೆಯ ಸೀಮೆಯಲ್ಲಿ 1,500 ಹೆಕ್ಟೇರಿಗೂ ಮಿಕ್ಕಿ, ಹೆಕ್ಟೇರಿಗೆ 4 ಟನ್ನಿನಂತೆ, ಗೊಬ್ಬರದ ಕಾರ್ಖಾನೆಯ ಫಾಸ್ಫೋಜಿಪ್ಸಮ್ಮನ್ನೇ ಹಾಕಿಸಿದರು. ಮಣ್ಣಿನೊಡನೆ ಕೊಚ್ಚಿಹೋಗುವ ರಂಜಕ ಸುಮಾರು ಅರ್ಧಕ್ಕೆ ಇಳಿಯಿತು. ಅಲ್ಲಿನ ರಂಜಕದ ಕಲ್ಲು ಅವರದೇ ನೆಲದ್ದು, ವಿಷಲೋಹಗಳ ಅಂಶ ಬಹಳ ಕಡಿಮೆ; ಆದ್ದರಿಂದಲೇ ಅದನ್ನು ಆರಿಸಿದರು. ಮುಂದೆ ಸರಕಾರವೇ ಜಿಪ್ಸಂ, ಸಾಗಣೆ, ಹರಡುವಿಕೆಯ ಖರ್ಚು ಹೊತ್ತು ಕೆಲಸವನ್ನು ವಿಸ್ತರಿಸಿತು. ಸಮುದ್ರ ಎಲ್ಲರದು, ಆದ್ದರಿಂದ ಖರ್ಚೂ ಎಲ್ಲರದು. ಈ ನ್ಯಾಯ ನಮಗೂ ಒಪ್ಪಿಗೆ.

ನಮ್ಮಲ್ಲಿ ಈ ನ್ಯಾಯ ತಲೆಕೆಳಗಾಗುವ ಭಯವಿದೆ. ‘ಕಾರ್ಖಾನೆಯ ಜಿಪ್ಸಂ ಪುಕ್ಕಟೆ, ಬಂದು ತುಂಬಿಕೊಂಡು ಹೋಗಿ’ ಎಂದರೆ ಏನು ಅರ್ಥ? ಗುಡ್ಡವನ್ನು ಕಾಯುವ, ಒಡ್ಡು ಕಟ್ಟುವ, ಸೋರಿಕೆ ತಡೆಯುವ ಖರ್ಚು ಕಾರ್ಖಾನೆಗೆ ಉಳಿಯಿತು. ಲಾರಿ ಬಾಡಿಗೆ ರೈತನಿಗೆ ಬಿತ್ತು. ಉಳಿದ ಖರ್ಚಿನಲ್ಲಿ ಸಾಗಣೆ ಕೊಡುವುದು ಕಾರ್ಖಾನೆಯ ಧರ್ಮವಲ್ಲವೆ? ಪರೀಕ್ಷೆಯ ಪತ್ರ ಕೊಡುವುದಂತೂ ಧರ್ಮವಷ್ಟೇ ಅಲ್ಲ, ಕರ್ತವ್ಯ.

ಇನ್ನೊಂದು ಮಾತು ಪಾಲುದಾರ ರೈತನದು. ಒಂದು ವರ್ಷದ ಲೀಜಿಗೆ ನೆಲ ಹಿಡಿದವನು ಎಕರೆಗೆ ನೂರು ಚೀಲ ಹಾಕಲಾರ. ಹಾಕಿದರೆ ಅದರ ಗುಣ ಹಲವು ವರ್ಷ ನಿಲ್ಲುತ್ತದೆ. ನೆಲ ಸುಧಾರಿಸಿದ ಕೂಡಲೇ ಒಡೆಯ ಲೀಜು ಏರಿಸುತ್ತಾನೆ, ಇಲ್ಲವೆ ಬೇರೆಯವನಿಗೆ ಕೊಡುತ್ತಾನೆ. ಮದ್ದಿನ ಖರ್ಚು ದುಡಿದವನಿಗೆ, ಆರೋಗ್ಯದ ಫಲ ಪಟ್ಟಾ ಇದ್ದವನಿಗೆ! ಸಹಾಯಧನವೂ ಪಹಣಿಯಲ್ಲಿ ಹೆಸರಿದ್ದವನಿಗೇ ಸಲ್ಲುವುದಾದರೆ ಗೇಯುವವನಿಗೆ ಏನು ಉಳಿಯಿತು? ಸುಧಾರಿಸಿದ ನೆಲವನ್ನು ಇಷ್ಟು ವರ್ಷ ಬಿಡಿಸಬಾರದೆಂಬ ಬರಹದ ಕರಾರಿಲ್ಲದೆ ಈ ಕೆಲಸ ಬಡ ರೈತನಿಗೆ ಮುಟ್ಟುವುದಿಲ್ಲ.

ಎಲ್ಲಕ್ಕಿಂತ ಮೊದಲ ಖರ್ಚು ಬಸಿಗಾಲುವೆಯದು. ಜಿಪ್ಸಂ ಎಬ್ಬಿಸಿದ ಉಪ್ಪಿಗೆ ಹೊರಹೋಗಲು ದಾರಿಯಿಲ್ಲದಿದ್ದರೆ, ಬೇಸಿಗೆಯಲ್ಲಿ ಅದು ಮತ್ತೆ ಅದೇ ಹೊಲದ ನೆತ್ತಿಗೇರುತ್ತದೆ. ಬಸಿಗಾಲುವೆ ಒಬ್ಬನ ಹೊಲದಲ್ಲಿ ಹುಟ್ಟಿ ಅಲ್ಲಿಯೇ ಮುಗಿಯುವುದಿಲ್ಲ; ಹತ್ತು ಜನರ ಹೊಲ ದಾಟಿ ಹಳ್ಳ ಸೇರಬೇಕು. ನಡುವೆ ಒಬ್ಬ ಮುಚ್ಚಿದರೆ ಮೇಲಿನವರೆಲ್ಲ ಮುಳುಗಿದಂತೆ. ಚೀಲ ಕೊಳ್ಳುವುದು ಒಬ್ಬನಿಂದ ಆಗುವ ಕೆಲಸ. ಕಾಲುವೆ ತೋಡುವುದು ಊರಿನಿಂದ, ಸರಕಾರದಿಂದ ಆಗುವ ಕೆಲಸ. ಉತ್ತರ ಪ್ರದೇಶದಲ್ಲಿ 1993ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಆರಂಭವಾದ ಕರಲು ಭೂಮಿ ಸುಧಾರಣೆಯಲ್ಲಿ ಜಿಪ್ಸಂ, ಬಸಿಗಾಲುವೆ, ರೈತರ ಗುಂಪು ಇವು ಮೂರನ್ನೂ ಒಟ್ಟಿಗೆ ಹಿಡಿದರು. ಮೂರರಲ್ಲಿ ಒಂದನ್ನು ಬಿಟ್ಟರೆ ಉಳಿದ ಎರಡೂ ಕುಂಟುತ್ತವೆ. ಚೀಲ ಹಂಚುವುದು ಸುಲಭ, ಚಿತ್ರ ತೆಗೆಸಿಕೊಳ್ಳಲೂ ಚೆಂದ. ಕಾಲುವೆ ತೋಡುವುದು ಕಷ್ಟ, ಆದರೆ ಫಲ ನಿಲ್ಲುವುದು ಅದರಿಂದ.

ನಾವು ಮಾಡಬೇಕಾದುದು

ಗೊಬ್ಬರದಂಗಡಿಯ ಬಂಧುಗಳಿಗೆ ಮೊದಲ ಮಾತು. ಜಿಪ್ಸಂ ಮಾರುವಾಗ ಮೂರು ಸಂಗತಿ ಬಿಲ್ಲಿನ ಮೇಲೆ ಬರಲಿ: ಎಲ್ಲಿಂದ ಬಂದದ್ದು, ನೂರಕ್ಕೆ ಎಷ್ಟು ಶುದ್ಧ, ತೇವ ಎಷ್ಟು. ಕಾರ್ಖಾನೆಯ ಜಿಪ್ಸಂ ಒದ್ದೆಯಾಗಿರುವುದುಂಟು. ನೂರು ಕಿಲೋದಲ್ಲಿ ಹದಿನೈದು ಕಿಲೋ ನೀರಿದ್ದರೆ ರೈತ ನೀರಿಗೆ ಬಾಡಿಗೆ ಕೊಟ್ಟಂತಾಯಿತು. ಕೃಷಿ ಜಿಪ್ಸಂಗೆ ಭಾರತೀಯ ಮಾನಕ 6046 ಎಂಬುದು ಇದೆ. ಮೇಲಿನವರು ಮಾಲು ಕಳಿಸಿದಾಗ ಅದರಂತೆ ಪರೀಕ್ಷೆಯ ಪತ್ರ ಕೇಳಿ. ಪತ್ರವಿಲ್ಲದ ಮಾಲಿಗೆ ನಾಳೆ ಬಯ್ಗುಳ ತಿನ್ನುವವರು ನೀವೇ, ದೊಡ್ಡ ಗೋದಾಮಿನವರಲ್ಲ. ಯೂರಿಯಾ ಬೇಕಾದರೆ ಜಿಪ್ಸಂ ಚೀಲವನ್ನೂ ಎತ್ತಬೇಕೆಂಬ ಲಿಂಕು ಹಾಕಬೇಡಿ. ಮೇಲಿನವರು ನಿಮಗೆ ಹಾಕಿದರೆ ಒಟ್ಟಾಗಿ ನಿರಾಕರಿಸಿ.

ಹಮಾಲರು, ಗಿರಣಿ ಕಾರ್ಮಿಕರಿಗೆ ಎರಡನೆಯ ಮಾತು. ಹೊಸದಾಗಿ ಬಂದ ಕಾರ್ಖಾನೆ ಜಿಪ್ಸಂನಲ್ಲಿ ಆಮ್ಲ ಉಳಿದಿದ್ದರೆ ಕೈ ಉರಿಯುತ್ತದೆ. ಒಣ ಪುಡಿಯ ಧೂಳು ಕಣ್ಣಿಗೂ ಎದೆಗೂ ಒಳ್ಳೆಯದಲ್ಲ. ಕೈಚೀಲ, ಮುಖಕ್ಕೆ ಬಟ್ಟೆ, ತೊಳೆಯಲು ನೀರು ಇವನ್ನು ಕೇಳುವುದು ನಾಜೂಕಲ್ಲ, ಹಕ್ಕು. ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಗಾಜಿನ ಲೋಟದಲ್ಲಿ ಮಳೆನೀರು ಹಾಕಿ, ಹೊಲದ ಒಣ ಹೆಂಟೆಯ ಒಂದು ಚೂರನ್ನು ಮೆಲ್ಲಗೆ ಬಿಡಿ, ಕಲಕಬೇಡಿ. ಮರುದಿನವೂ ಚೂರಿನ ಸುತ್ತ ನೀರು ಹಾಲಿನಂತೆ ಕದಡಿಯೇ ಇದ್ದರೆ ಮಣ್ಣು ಕರಲಾಗಿರುವ ಸಂದೇಹವಿದೆ. ಅದು ಸಂದೇಹ ಮಾತ್ರ. ತೀರ್ಪಿಗೆ ರೈತ ಸಂಪರ್ಕ ಕೇಂದ್ರಕ್ಕೆ ಮಣ್ಣು ಕೊಟ್ಟು ಪರೀಕ್ಷೆ ಮಾಡಿಸಿ, ಜಿಪ್ಸಂ ಎಷ್ಟು ಬೇಕೆಂದು ಬರಹದಲ್ಲಿ ಕೇಳಿ.

ಸರಕಾರದ ಮುಂದಿಡಬೇಕಾದ ಬೇಡಿಕೆಗಳು ನಾಲ್ಕು. ಬಸಿಗಾಲುವೆ ತೋಡದೆ ಜಿಪ್ಸಂ ಹಂಚಿ ಲೆಕ್ಕ ಮುಗಿಸಬಾರದು. ಕಾರ್ಖಾನೆಯಿಂದ ಹೊರಡುವ ಪ್ರತಿ ಜಿಪ್ಸಂ ರಾಶಿಯ ರೇಡಿಯಂ, ಕ್ಯಾಡ್ಮಿಯಂ, ಫ್ಲೋರೈಡಿನ ಪರೀಕ್ಷೆ ಸಾರ್ವಜನಿಕವಾಗಿ ಪ್ರಕಟವಾಗಬೇಕು. ಸಾಗಣೆಯ ಖರ್ಚನ್ನು ಕಸ ಹುಟ್ಟಿಸಿದವರೂ ಸರಕಾರವೂ ಹೊರಬೇಕು. ಸಹಾಯಧನ ನಿಜವಾಗಿ ಗೇಯುವವನ ಕೈ ಸೇರಬೇಕು, ಅವನ ಗೇಣಿಗೆ ರಕ್ಷಣೆ ಬೇಕು.

ಈ ನಾಲ್ಕರಲ್ಲಿ ಮೊದಲನೆಯದನ್ನು ಹಿಡಿದು ಕೆಲಸ ಆರಂಭಿಸೋಣ. ನಿಮ್ಮ ನಿಮ್ಮ ಊರಿನ ಬಸಿಗಾಲುವೆ ಎಲ್ಲಿ ಹೂಳು ತುಂಬಿದೆ, ಎಲ್ಲಿ ಒತ್ತುವರಿಯಾಗಿದೆ, ಅದರಿಂದ ಎಷ್ಟು ಎಕರೆ ಸವಳು ಹಿಡಿದಿದೆ ಎಂದು ಸರ್ವೆ ನಂಬರು ಸಹಿತ ಬರೆದು ತನ್ನಿ. ಮುಂದಿನ ಕೂಟದಲ್ಲಿ ಆ ಪಟ್ಟಿಗಳನ್ನು ಜೋಡಿಸಿ ನೀರಾವರಿ ಕಚೇರಿಗೆ ಒಟ್ಟಾಗಿ ಹೋಗೋಣ.